ಡಿ.ಫಾರ್ಮ್ ಟ್ರೈನಿಂಗ್ ಆಸ್ಪತ್ರೆಯಲ್ಲಾ, ಮೆಡಿಕಲ್ ಸ್ಟೋರಲ್ಲಾ?

ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾದ 500 ಗಂಟೆ ಟ್ರೈನಿಂಗ್ ದೊಡ್ಡ ಆಸ್ಪತ್ರೆಯಲ್ಲಿ ಮಾಡಿದರೆ ಬೆಲೆ ಜಾಸ್ತಿನಾ, ಇಲ್ಲಾ ಮನೆ ಹತ್ತಿರದ ಮೆಡಿಕಲ್ ಸ್ಟೋರ್ ಸಾಕಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ. ಹೆಸರು ನೋಡಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಫಾರ್ಮಸಿ ಸೇರಿದೆ.

ಅಲ್ಲಿ ನನ್ನನ್ನು ಬಿಲ್ಲಿಂಗ್‌ಗೆ ಕೂರಿಸಿದರು. ಡಾಕ್ಟರ್ ಬರೆದದ್ದು ನೇರ ಕಂಪ್ಯೂಟರ್‌ಗೇ ಬರುತ್ತಿತ್ತು. ಯಾವ ರ‍್ಯಾಕ್ ಅಂತಲೂ ಅದೇ ಹೇಳುತ್ತಿತ್ತು. ತೆಗೆಯುವುದು, ಬಿಲ್ ಹಾಕುವುದು, ಕವರ್‌ಗೆ ತುಂಬಿ ಕೊಡುವುದು, ಅಷ್ಟೇ. ಕೈ ಚುರುಕಾಯಿತು, ಅದನ್ನೇ ಕಲಿಕೆ ಅಂದುಕೊಂಡೆ. ಬೇರೆ ಕೆಲಸ ಕೊಡಿ ಅಂತ ಬಾಯಿಬಿಟ್ಟು ಕೇಳಲಿಲ್ಲ.

ಆಮೇಲೆ ವಿಜಯನಗರದ ಒಂದು ಮೆಡಿಕಲ್ ಸ್ಟೋರಲ್ಲಿ ಕೆಲಸ ಸಿಕ್ಕಿತು. ಒಂದು ಸಂಜೆ ವಯಸ್ಸಾದ ಅಮ್ಮ ಒಬ್ಬರು ಇನ್ಸುಲಿನ್ ಸಿರಿಂಜ್ ಕೇಳಿದರು. ಕೈಗೆ ಸಿಕ್ಕಿದ್ದು ಕೊಟ್ಟೆ, ಕಿತ್ತಳೆ ಕ್ಯಾಪಿನದು. ಅವರ ಮನೆಯಲ್ಲಿದ್ದದ್ದು 40 ಐಯು ಬಾಟಲಿ. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜೇ ಬೇಕು. ಕಿತ್ತಳೆ ಕ್ಯಾಪ್ ಇರುವುದು 100 ಐಯು ಇನ್ಸುಲಿನ್‌ಗೆ.

ಇದನ್ನು ಬಿಡಿಸಿ ಹೇಳಲೇಬೇಕು. 40 ಐಯು ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್. ಸಿರಿಂಜಿನ ಗೆರೆಗಳೂ ಅದೇ ಲೆಕ್ಕದಲ್ಲಿ ಇರುತ್ತವೆ. 100ರ ಸಿರಿಂಜಲ್ಲಿ 20ನೇ ಗೆರೆ ತನಕ ಎಳೆದರೆ ಬರುವುದು 0.2 ಎಂಎಲ್. 40ರ ಬಾಟಲಿಯಿಂದ ಎಳೆದಿದ್ದರೆ ಮೈಗೆ ಹೋಗುವುದು ಬರೀ 8 ಯೂನಿಟ್. ಉಲ್ಟಾ ಆದರೆ ಇನ್ನೂ ಕಷ್ಟ. 100ರ ಬಾಟಲಿಯಿಂದ 40ರ ಸಿರಿಂಜಲ್ಲಿ ಎಳೆದರೆ 20ರ ಬದಲು 50 ಯೂನಿಟ್ ಹೋಗುತ್ತದೆ. ಶುಗರ್ ಧಿಡೀರ್ ಇಳಿದು ಜೀವಕ್ಕೇ ಅಪಾಯ.

ಆ ಅಮ್ಮನಿಗೆ ಶುಗರ್ ಏರಿತು. ಮಗಳು ಸಿರಿಂಜ್ ಹಿಡಿದುಕೊಂಡು ಬಂದರು. ಬೇಗ ಗೊತ್ತಾದದ್ದು ಪುಣ್ಯ. ನನ್ನ ಕೆಲಸ ಹೋಯಿತು. ಟ್ರೈನಿಂಗಲ್ಲಿ ಈ ಎರಡೂ ಸಿರಿಂಜನ್ನು ದಿನಾ ಮಾರಿದ್ದೆ. ಆದರೆ "ಮನೇಲಿ ಯಾವ ಬಾಟಲಿ ಇದೆ ಅಮ್ಮ?" ಅಂತ ಒಬ್ಬರನ್ನೂ ಕೇಳಿರಲಿಲ್ಲ. ಹಾಗೆ ಕೇಳುವವರ ಪಕ್ಕ ನಿಂತೂ ಇರಲಿಲ್ಲ.

ಆಸ್ಪತ್ರೆನಾ ಅಂಗಡಿನಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕಲಿಸುವ ಫಾರ್ಮಸಿಸ್ಟ್ ಯಾರು ಅಂತ ಹುಡುಕಿ. ನಿಯಮವೇ ಇದೆ: 500 ಗಂಟೆ, ಮೂರು ತಿಂಗಳಿಗೆ ಕಮ್ಮಿ ಇಲ್ಲದ ಹಾಗೆ. ಅದರಲ್ಲಿ 250 ಗಂಟೆಯಾದರೂ ಚೀಟಿ ನೋಡಿ ಔಷಧಿ ಕೊಡುವ ಕೆಲಸ ಆಗಬೇಕು. ಬಿಲ್ ಹಾಕುವುದನ್ನು ಇದರಲ್ಲಿ ಸೇರಿಸಲೇಬಾರದು ಅಂತೀನಿ ನಾನು. ಬರದಿದ್ದರೂ ಪರವಾಗಿಲ್ಲ, ಸುಮ್ನೆ ಸೈನ್ ಹಾಕಿಕೊಡ್ತೀವಿ ಅನ್ನುವವರ ಹತ್ತಿರ ಸುಳಿಯಲೂ ಬೇಡಿ.

ಸೇರುವ ಮೊದಲು ಸಂಜೆ ರಶ್ ಇರುವಾಗ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಉಳಿಸುತ್ತಾರಾ? ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳಿದವರನ್ನು ವಾಪಸ್ ಕಳಿಸುತ್ತಾರಾ? ಬಿಗಿ ನಿಯಮ ಇರುವ ಕೆಲವು ಔಷಧಿಗಳ ಲೆಕ್ಕ ಇಡುವ ಪುಸ್ತಕಕ್ಕೆ ಶೆಡ್ಯೂಲ್ ಎಚ್1 ರಿಜಿಸ್ಟರ್ ಅಂತಾರೆ. ಸೇರಿದ ಮೇಲೆ ಅದನ್ನು ನಾನು ಬರೀತೀನಿ ಸರ್ ಅಂತ ಕೇಳಿ. ಡಾಕ್ಟರ್ ಹೆಸರು, ವಿಳಾಸ, ರೋಗಿ ಹೆಸರು, ಔಷಧಿ, ಎಷ್ಟು ಕೊಟ್ಟದ್ದು, ಎಲ್ಲಾ ಅದರಲ್ಲಿ ಬರೆದು ಮೂರು ವರ್ಷ ಇಡಬೇಕು. ಬರೆಯುತ್ತಾ ಹೋದರೆ ಯಾವ ಔಷಧಿಗೆ ಯಾಕೆ ಇಷ್ಟು ಬಿಗಿ ಅಂತ ತಾನಾಗೇ ತಲೆಗೆ ಹತ್ತುತ್ತದೆ. ಅದನ್ನು ಮುಟ್ಟಲು ಬಿಡದೆ ಬಿಲ್ಲಿಂಗ್‌ಗೇ ಕೂರಿಸಿದರೆ ಮೊದಲ ವಾರದಲ್ಲೇ ಕಾಲೇಜಿಗೆ ಹೇಳಿ ಬೇರೆ ಕಡೆ ಹಾಕಿಸಿಕೊಳ್ಳಿ.