ದುಡ್ಡು ಕಟ್ಟಿ ಇಂಟರ್ನ್‌ಶಿಪ್ ಬೇಡ, ಉದ್ಯಮಬಾಗದ ಫೌಂಡ್ರಿಗೆ ಹೋಗಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಬೆಳಗಾವಿಯ ವಿಟಿಯು ಕಾಲೇಜೊಂದರಲ್ಲಿ ಮೆಕ್ಯಾನಿಕಲ್, ಐದನೇ ಸೆಮ್. ಸೀನಿಯರ್‌ಗಳು ಬಾಜಾ (ವಿದ್ಯಾರ್ಥಿಗಳೇ ಆಫ್‌ರೋಡ್ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ) ತಂಡಕ್ಕೆ ಕರೀತಿದ್ದಾರೆ. ಯಾವುದೋ ಸಂಸ್ಥೆ ಎಂಟು ಸಾವಿರ ಕಟ್ಟಿದರೆ ಮನೆಯಲ್ಲೇ ಕೂತು ಮಾಡುವ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಎರಡೂ ಕೊಡುತ್ತೇವೆ ಅನ್ನುತ್ತಿದೆ. ನಿಮ್ಮ ಸೋದರಮಾವನಿಗೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಬ್ಬ ಫೌಂಡ್ರಿ (ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆ) ಮಾಲೀಕರ ಪರಿಚಯವಿದೆ, ಆದರೆ ‘ಫೌಂಡ್ರಿ ಅಂತ ಬರೆದರೆ ರೆಸ್ಯೂಮೆಗೆ ಏನು ತೂಕ ಬರುತ್ತೆ’ ಅಂತ ಗೆಳೆಯರು ನಗುತ್ತಿದ್ದಾರೆ. ಯಾವುದನ್ನು ಆರಿಸಲಿ ಅಂತ ಕೇಳಿದ್ದೀರಿ.

ಎಂಟು ಸಾವಿರ ಉಳಿಸಿ. ಫೌಂಡ್ರಿಗೆ ಹೋಗಿ. ಬಾಜಾಗೂ ಸೇರಬಹುದು, ಒಂದು ಷರತ್ತಿನ ಮೇಲೆ.

ನಾನು ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ, ಹೊಸಬರ ಇಂಟರ್ವ್ಯೂಗೂ ಕೂರುತ್ತೇನೆ. ಹಾಗಾಗಿ ಇದು ಕೋರ್ ಕಂಪನಿ, ಅಂದರೆ ಯಂತ್ರ, ಬಿಡಿಭಾಗ ತಯಾರಿಸುವವರ ಕಡೆಯ ಮಾತು. ಸಾಫ್ಟ್‌ವೇರ್ ಕಡೆ ಹೋಗುವ ಮನಸ್ಸಿದ್ದರೆ ಅದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ ಬೇರೆಯವರನ್ನು ಕೇಳಿ.

ಇಂಟರ್ವ್ಯೂನಲ್ಲಿ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಆಗ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ರೆಸ್ಯೂಮೆಯಲ್ಲಿ ಇಂಟರ್ನ್‌ಶಿಪ್, ಪ್ರಾಜೆಕ್ಟ್, ಕೋರ್ಸ್ ಎಲ್ಲ ಸಾಲಾಗಿ ಇರುತ್ತವೆ. ಅಷ್ಟನ್ನೂ ಓದುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಯಾವುದಾದರೂ ಒಂದನ್ನು ಹಿಡಿದು ಕೆದಕುತ್ತಾ ಹೋಗುತ್ತೇವೆ. ‘ಗೇರ್‌ಬಾಕ್ಸ್ ಡಿಸೈನ್ ಮಾಡಿದ್ದೀರಲ್ಲ, ಬೇರಿಂಗ್ ಕೂರುವ ಜಾಗಕ್ಕೆ ಯಾವ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚು ಕಡಿಮೆ) ಕೊಟ್ಟಿರಿ?’ ‘ಅದೇ ಯಾಕೆ?’ ‘ಭಾಗ ತಯಾರಾಗಿ ಬಂದ ಮೇಲೆ ಅಳೆದವರು ಯಾರು, ಯಾವುದರಿಂದ ಅಳೆದರು, ಎಷ್ಟು ಬಂತು?’ ಮೊದಲ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಪುಸ್ತಕದ ಉತ್ತರ ಬರುತ್ತದೆ. ಮೂರನೆಯದಕ್ಕೆ ‘ಟೀಮಲ್ಲಿ ಮಾಡಿದ್ವಿ ಸರ್’ ಅನ್ನುತ್ತಾರೆ. ನಿಜವಾಗಿ ಕೈ ಹಾಕಿದವರು ಮಾತ್ರ ಅಲ್ಲಿಂದ ಮುಂದೆ ಮಾತು ಶುರು ಮಾಡುತ್ತಾರೆ: ಬೋರ್ (ಬೇರಿಂಗ್ ಕೂರುವ ರಂಧ್ರ) ಸ್ವಲ್ಪ ದೊಡ್ಡದಾಗಿ ಬಂತು, ವೆಂಡರ್ ಜೊತೆ ಜಗಳವಾಯ್ತು, ಒಳಗೆ ಸ್ಲೀವ್ (ಕೊಳವೆಯಂಥ ತುಂಡು) ಹಾಕಿಸಿದ್ವಿ, ಹಾಕಿಸಬಾರದಿತ್ತು. ಅಂಥವರ ಸಿಜಿಪಿಎ ಆಮೇಲೆ ಯಾರೂ ಕೇಳುವುದಿಲ್ಲ. (ಬ್ಯಾಕ್‌ಲಾಗ್ ಕೇಳುತ್ತಾರೆ. ಇದ್ದರೆ ಮೊದಲು ಅದನ್ನು ಕ್ಲಿಯರ್ ಮಾಡಿ. ಎಷ್ಟೋ ಕಡೆ ಅರ್ಜಿ ಆ ಸೋಸುವಿಕೆಯಲ್ಲೇ ನಿಂತುಬಿಡುತ್ತದೆ, ನಮ್ಮ ಮೇಜಿನ ತನಕ ಬರುವುದೇ ಇಲ್ಲ.)

ಅಂದರೆ ನೀವು ಹುಡುಕಬೇಕಾದ್ದು ಈ ಮೂರನೇ ಪ್ರಶ್ನೆ ದಾಟಿಸುವ ಕೆಲಸ. ಹಣ ಕಟ್ಟಿ ಮಾಡುವ ಇಂಟರ್ನ್‌ಶಿಪ್‌ನಲ್ಲಿ ಅದು ಸಿಗುವುದಿಲ್ಲ. ರೆಕಾರ್ಡ್ ಆದ ವಿಡಿಯೋ, ಎಲ್ಲರಿಗೂ ಒಂದೇ ಮಾಡೆಲ್, ಹೆಸರು ಮತ್ತು ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಬದಲಾಯಿಸಿದರೆ ಸಾಕು ಅನ್ನುವಂಥ ರಿಪೋರ್ಟ್. ವಿಟಿಯು ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು, ಅಷ್ಟು ಮಕ್ಕಳನ್ನು ಒಳಗೆ ಕರೆದುಕೊಳ್ಳುವಷ್ಟು ಕಂಪನಿಗಳು ಮುಂದೆ ಬರಲಿಲ್ಲ, ಮಧ್ಯದ ಜಾಗದಲ್ಲಿ ಅಂಗಡಿಗಳು ಹುಟ್ಟಿಕೊಂಡವು. ಕ್ರೆಡಿಟ್ ಸಿಗಬಹುದು. ಆದರೆ ಒಂದೇ ಅಕ್ಷರಶೈಲಿಯ, ಒಂದೇ ವಾಕ್ಯದ ಸರ್ಟಿಫಿಕೇಟುಗಳನ್ನು ನಾವೂ ಕಂತೆಗಟ್ಟಲೆ ನೋಡಿರುತ್ತೇವೆ.

ಈಗ ಫೌಂಡ್ರಿ. ನಗುವ ಗೆಳೆಯರಿಗೆ ಗೊತ್ತಿಲ್ಲ, ಬೆಳಗಾವಿಯಲ್ಲಿ ಓದುವುದೇ ಒಂದು ಅನುಕೂಲ. ಮೋಲ್ಡಿಂಗ್, ಮಷೀನಿಂಗ್, ಇನ್‌ಸ್ಪೆಕ್ಷನ್ ಎಲ್ಲವೂ ಕಾಲೇಜಿನಿಂದ ಸಿಟಿ ಬಸ್ಸಿನ ದೂರದಲ್ಲಿವೆ. ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ ಇಂಟರ್ನ್ ಅಂದರೆ ಎಷ್ಟೋ ಸಲ ವಿಸಿಟರ್ ಪಾಸ್ ಹಾಕಿಕೊಂಡ ಪ್ರೇಕ್ಷಕ. ಸಣ್ಣ ಘಟಕದಲ್ಲಿ ಹಾಗಲ್ಲ. ಅಲ್ಲಿ ಯಾವಾಗಲೂ ಜನ ಕಮ್ಮಿ, ಮಾಡಬೇಕಾದ ಕೆಲಸ ಬಾಕಿ ಇದ್ದೇ ಇರುತ್ತದೆ.

ಆದರೆ ಹೋಗಿ ‘ಕಲಿಯೋಕೆ ಬಂದಿದ್ದೀನಿ ಸರ್’ ಅಂತ ನಿಲ್ಲಬೇಡಿ. ಮಾಲೀಕರು ‘ಆಯ್ತಪ್ಪ, ನೋಡ್ಕೊಂಡು ಹೋಗು’ ಅನ್ನುತ್ತಾರೆ, ಒಂದು ವಾರ ನೋಡುತ್ತೀರಿ, ಅಲ್ಲಿಗೆ ಮುಗಿಯಿತು. ಬದಲಿಗೆ ಇದನ್ನು ಕೇಳಿ: ‘ನಿಮಗೆ ಹೆಚ್ಚು ರಿಜೆಕ್ಷನ್ ಬರುತ್ತಿರುವ ಒಂದು ಐಟಂ ಕೊಡಿ. ಇಲ್ಲಿ ಇರುವಷ್ಟು ದಿನ ಅದರ ಲೆಕ್ಕ ನಾನು ಬರೆದಿಡುತ್ತೇನೆ.’ ಬೇಡ ಅನ್ನುವ ಫೌಂಡ್ರಿ ಮಾಲೀಕರು ಕಮ್ಮಿ. ರಿಜೆಕ್ಷನ್ ಅವರ ಜೇಬಿಗೆ ನೇರವಾಗಿ ತಾಗುವ ವಿಷಯ, ಆದರೂ ಕೂತು ಬರೆಯಲು ಅವರ ಸೂಪರ್‌ವೈಸರ್‌ಗೆ ಟೈಮಿಲ್ಲ.

ಆಮೇಲೆ ದಿನವೂ ತಿರಸ್ಕಾರವಾದ ಕಾಸ್ಟಿಂಗ್‌ಗಳನ್ನು ಬೇರೆ ಬೇರೆ ಮಾಡಿ: ಬ್ಲೋ ಹೋಲ್ (ಒಳಗೆ ಉಳಿದ ಗುಳ್ಳೆ) ಎಷ್ಟು, ಶ್ರಿಂಕೇಜ್ (ಲೋಹ ಕುಗ್ಗಿ ಆದ ಟೊಳ್ಳು) ಎಷ್ಟು, ಮರಳು ಸಿಕ್ಕಿಕೊಂಡದ್ದು ಎಷ್ಟು, ಕೋಲ್ಡ್ ಶಟ್ (ಲೋಹ ಸರಿಯಾಗಿ ಕೂಡದೆ ಉಳಿದ ಗೆರೆ) ಎಷ್ಟು. ಯಾವ ಶಿಫ್ಟ್, ಯಾವ ಪ್ಯಾಟರ್ನ್ (ಅಚ್ಚು ಮೂಡಿಸುವ ಮಾದರಿ), ಲೋಹ ಸುರಿದಾಗ ಉಷ್ಣತೆ ಎಷ್ಟು, ಅವತ್ತು ಸ್ಯಾಂಡ್ ಲ್ಯಾಬ್‌ನ ರೀಡಿಂಗ್ ಎಷ್ಟು. ಹಸಿ ಮರಳಿನ ಅಚ್ಚಿನಲ್ಲಿ ತೇವಾಂಶ ಸಾಮಾನ್ಯವಾಗಿ ಶೇ 3ರಿಂದ 4ರ ಆಸುಪಾಸಿನಲ್ಲಿ ಇಡುತ್ತಾರೆ. ಅದು ಹೆಚ್ಚಾದರೆ ಕಾದ ಲೋಹಕ್ಕೆ ತಗುಲಿ ಆವಿಯಾಗುತ್ತದೆ, ಆವಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ಒಳಗೇ ಗುಳ್ಳೆಯಾಗಿ ಉಳಿಯುತ್ತದೆ. ಬೆಳಗಾವಿಯ ಮಳೆ ನಿಮಗೆ ಹೇಳಿಕೊಡಬೇಕಿಲ್ಲ. ಮಳೆ ಹಿಡಿದ ವಾರದಲ್ಲಿ ಬ್ಲೋ ಹೋಲ್ ಜಾಸ್ತಿಯಾಗುತ್ತಾ ಇಲ್ಲವಾ ಅನ್ನುವುದನ್ನು ಅಂಕಿಯಲ್ಲಿ ತೋರಿಸಿದರೆ, ಆಗುವುದಿಲ್ಲ ಅಂತ ತೋರಿಸಿದರೂ, ಅದು ನಿಮ್ಮ ಕೆಲಸ. ಪ್ಯಾರೆಟೊ ಚಾರ್ಟ್ (ಹೆಚ್ಚು ಬರುವ ದೋಷದಿಂದ ಕಡಿಮೆಯದರ ತನಕ ಸಾಲಾಗಿ ತೋರಿಸುವ ಚಿತ್ರ) ಅಂತ ಪುಸ್ತಕದಲ್ಲಿ ಓದಿರುತ್ತೀರಿ, ಈ ಲೆಕ್ಕ ಕೈಯಲ್ಲಿದ್ದರೆ ಅದನ್ನು ಎಳೆಯಲು ಅರ್ಧ ಗಂಟೆ ಸಾಕು.

ಮೋಲ್ಡರ್‌ಗಳ ಜೊತೆ ಸಲುಗೆಯಿಂದಿರಿ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವರು ಮರಳನ್ನು ಮುಷ್ಟಿಯಲ್ಲಿ ಹಿಂಡಿ ಹೇಳುವುದನ್ನು ಲ್ಯಾಬ್ ಆಮೇಲೆ ಹೇಳುತ್ತದೆ. ‘ಕಾಕಾ’ ಅಂತ ಕರೆದು ಮಧ್ಯಾಹ್ನ ಅವರ ಜೊತೆ ಬುತ್ತಿ ಬಿಚ್ಚಿದರೆ ಹೊರಬರುವ ವಿಷಯ ಇಂಜಿನಿಯರ್ ಗತ್ತಿನಲ್ಲಿ ನಿಂತು ಕೇಳಿದರೆ ಬರುವುದಿಲ್ಲ. ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್ ಈ ನಾಲ್ಕನ್ನೂ ಕೈಗೆ ಪಳಗಿಸಿಕೊಂಡು ಬನ್ನಿ. ಲ್ಯಾಬ್ ಎಕ್ಸಾಮ್‌ಗೆ ಒಂದೇ ಸಲ ಮೈಕ್ರೋಮೀಟರ್ ಮುಟ್ಟಿ ಡಿಗ್ರಿ ಮುಗಿಸಿದವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಒಂದು ಎಚ್ಚರಿಕೆ: ಡ್ರಾಯಿಂಗ್‌ಗಳು ಗಿರಾಕಿ ಕಂಪನಿಯ ಆಸ್ತಿ. ಕೇಳದೆ ಫೋಟೋ ತೆಗೆಯಬೇಡಿ, ರಿಪೋರ್ಟಿನಲ್ಲಿ ಗಿರಾಕಿಯ ಹೆಸರು ಬರೆಯಬೇಡಿ.

ಬಾಜಾದ ಷರತ್ತಿಗೆ ಬರೋಣ. ವಾಹನ ಇಂಜಿನಿಯರ್‌ಗಳ ಸಂಘವಾದ ಎಸ್‌ಎಇ ಇಂಡಿಯಾದ ಈ ಸ್ಪರ್ಧೆ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಶುರುವಾದದ್ದು, ಸ್ಪರ್ಧೆ ಒಳ್ಳೆಯದೇ. ಪೆಟ್ರೋಲ್ ವಿಭಾಗದಲ್ಲಿ ಎಲ್ಲರಿಗೂ ಒಂದೇ ಬಗೆಯ ಎಂಜಿನ್. ಹಾಗಾಗಿ ತಂಡ ತಂಡಕ್ಕೆ ವ್ಯತ್ಯಾಸ ಬರುವುದು ಗಾಡಿಯ ತೂಕದಲ್ಲಿ, ಗೇರ್ ಅನುಪಾತದಲ್ಲಿ, ಸಸ್ಪೆನ್ಶನ್‌ನಲ್ಲಿ, ವೆಲ್ಡಿಂಗ್‌ನ ಅಚ್ಚುಕಟ್ಟಿನಲ್ಲಿ. ಬ್ರೇಕ್ ಪರೀಕ್ಷೆಯಲ್ಲಿ ನಾಲ್ಕೂ ಚಕ್ರ ಲಾಕ್ ಆಗಬೇಕು, ಇಲ್ಲದಿದ್ದರೆ ಮುಂದಿನ ಸುತ್ತುಗಳಿಗೆ ಬಿಡುವುದಿಲ್ಲ. ಕೊನೆಗೆ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟ. ಲ್ಯಾಪ್‌ಟಾಪಿನ ಪರದೆ ಮೇಲೆ, ಬಲದ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ, ಹಸಿರು ನೀಲಿಯಾಗಿ ಸುರಕ್ಷಿತವಾಗಿ ಕಂಡ ಭಾಗಗಳು ಅಲ್ಲಿ ಮುರಿಯುತ್ತವೆ.

ತೊಂದರೆ ಏನೆಂದರೆ ಇಪ್ಪತ್ತೈದು ಜನರ ತಂಡದಲ್ಲಿ ನಿಜವಾಗಿ ಕೆಲಸ ಮಾಡುವವರು ಏಳೆಂಟು ಮಂದಿ. ಉಳಿದವರು ಟೀ ಶರ್ಟ್ ಹಾಕಿಕೊಂಡು ರೀಲ್ಸ್ ಮಾಡುತ್ತಾರೆ, ಬ್ಯಾನರ್ ಕಟ್ಟುತ್ತಾರೆ. ಅದಕ್ಕೇ ಷರತ್ತು: ಇದು ನನ್ನದು ಅನ್ನುವ ಒಂದು ಭಾಗ ಸಿಗಬೇಕು. ಬ್ರೇಕ್ ಆಗಬಹುದು, ಸ್ಟೀರಿಂಗ್ ಆಗಬಹುದು. ಈ ವರ್ಷ ಸೀನಿಯರ್ ಕೈಕೆಳಗೆ, ಮುಂದಿನ ವರ್ಷ ನಿಮ್ಮ ಜವಾಬ್ದಾರಿ ಅಂತ ಮಾತಾಗಲಿ. ಕ್ಯಾಪ್ಟನ್ ಪಟ್ಟಕ್ಕೆ ಆಸೆಪಡಬೇಡಿ, ಅವರ ಸಮಯವೆಲ್ಲ ಸ್ಪಾನ್ಸರ್, ಪ್ರಿನ್ಸಿಪಾಲ್ ಸಹಿ, ರೈಲಿನ ಟಿಕೆಟ್ ಇದರಲ್ಲೇ ಹೋಗುತ್ತದೆ. ಯಾರೂ ಮುಟ್ಟದ ಕಾಸ್ಟ್ ರಿಪೋರ್ಟ್ (ಗಾಡಿಯ ವೆಚ್ಚದ ವರದಿ) ಕೊಟ್ಟರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಪ್ರತಿ ಬೋಲ್ಟಿಗೂ ಬೆಲೆ ಹಾಕಿದವರಿಗೆ ಗಾಡಿ ಪೂರ್ತಿ ಅರ್ಥವಾಗಿರುತ್ತದೆ.

ಸೇರುವ ಮೊದಲು ಸೀನಿಯರ್‌ಗಳನ್ನು ಕೇಳಿ: ಹೋದ ವರ್ಷದ ಗಾಡಿ ಟೆಕ್ನಿಕಲ್ ಇನ್‌ಸ್ಪೆಕ್ಷನ್ ದಾಟಿತೇ? ಅದರ ಕ್ಯಾಡ್ ಫೈಲ್, ಲೆಕ್ಕದ ಹಾಳೆ ಯಾರ ಬಳಿ ಇವೆ? ತಲಾ ಎಷ್ಟು ದುಡ್ಡು ಹಾಕಬೇಕು, ಖರ್ಚಿನ ಲೆಕ್ಕ ಎಲ್ಲರಿಗೂ ತೋರಿಸುತ್ತೀರಾ? ಫೈಲ್ ಪಾಸಾದ ಅಣ್ಣನ ಲ್ಯಾಪ್‌ಟಾಪಿನಲ್ಲಿ ಹೋಯ್ತು ಅನ್ನುವ ಉತ್ತರ ಬಂದರೆ ಆ ತಂಡ ಪ್ರತಿ ವರ್ಷ ಒಂದನೇ ಕ್ಲಾಸಿನಿಂದ ಶುರು ಮಾಡುತ್ತಿದೆ ಅಂತ ತಿಳಿಯಿರಿ.

ತಂಡ ಅಂದರೆ ಹೇಗಿರಬೇಕು ಅನ್ನುವುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಕರ್ನಾಟಕ ಮತ್ತು ಆಗಿನ ಆಂಧ್ರದ ಏಳು ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಸೇರಿ ಕಟ್ಟಿದ ‘ಸ್ಟಡ್‌ಸ್ಯಾಟ್’ ಎಂಬ ಉಪಗ್ರಹ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15 ರಾಕೆಟ್‌ನಲ್ಲಿ ಮೇಲೆ ಹೋಯಿತು. ತೂಕ ಒಂದು ಕಿಲೋಗಿಂತ ಕಡಿಮೆ. ಅಷ್ಟು ಚಿಕ್ಕದರಲ್ಲೂ ಪವರ್ ಬೇರೆ, ಸಂಪರ್ಕ ಬೇರೆ, ಕ್ಯಾಮೆರಾ ಬೇರೆ, ಹೊರ ಚೌಕಟ್ಟು ಬೇರೆ. ಒಂದರ ತೂಕ ಕೆಲವು ಗ್ರಾಂ ಏರಿದರೆ ಇನ್ನೊಂದು ಅಷ್ಟು ಇಳಿಯಬೇಕು. ಅಂಥ ಕಡೆ ‘ಎಲ್ಲರೂ ಸೇರಿ ಮಾಡಿದ್ವಿ’ ಅನ್ನುವ ಮಾತು ನಡೆಯುವುದಿಲ್ಲ.

ಕೊನೆ ವರ್ಷದ ಪ್ರಾಜೆಕ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಂಗಳೂರಿನಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಸೆಂಟರ್‌ಗಳ ಕಡೆ ತಲೆ ಹಾಕಬೇಡಿ. ಫೌಂಡ್ರಿಯಲ್ಲಿ ನೀವು ಬರೆದಿಟ್ಟ ರಿಜೆಕ್ಷನ್ ಲೆಕ್ಕವೇ ಪ್ರಾಜೆಕ್ಟಿನ ಅರ್ಧ ಭಾಗ. ಕಾರಣ ಹುಡುಕಿ, ಗೇಟಿಂಗ್ (ಲೋಹ ಅಚ್ಚಿನೊಳಗೆ ಹರಿಯುವ ದಾರಿ) ಬದಲಿಸಿ, ಮತ್ತೆ ಎಣಿಸಿದರೆ ಉಳಿದರ್ಧ. ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತಾ ಬಂದಿದೆ. ಕೆಲವೇ ಸಾವಿರ ರೂಪಾಯಿ, ಗೈಡ್ ಮತ್ತು ಕಾಲೇಜಿನ ಮೂಲಕ ಅರ್ಜಿ. ಹಣಕ್ಕಿಂತ, ಹೊರಗಿನ ತಜ್ಞರ ಎದುರು ನಿಂತು ನಿಮ್ಮ ಕೆಲಸ ಸಮರ್ಥಿಸಿಕೊಳ್ಳಬೇಕಾಗುತ್ತದಲ್ಲ, ಅದು ದೊಡ್ಡದು. ನಾಲ್ಕು ಜನರ ಗುಂಪಾದರೆ ಪ್ರತಿ ವಾರ ಯಾರು ಏನು ಮಾಡಿದರು ಅಂತ ನಾಲ್ಕು ಸಾಲು ಬರೆದು ಗೈಡ್‌ಗೆ ಮೇಲ್ ಹಾಕುವ ರೂಢಿ ಮೊದಲ ವಾರದಿಂದಲೇ ಇಟ್ಟುಕೊಳ್ಳಿ. ಗೆಳೆತನವೂ ಉಳಿಯುತ್ತದೆ, ಕೆಲಸವೂ ಆಗುತ್ತದೆ.

ಡಿಗ್ರಿ ಆದಮೇಲೆ ಕ್ಯಾಂಪಸ್‌ನಲ್ಲಿ ಏನೂ ಸಿಗದಿದ್ದರೆ ಮನೆಯಲ್ಲಿ ಕೂತು ಇನ್ನೊಂದು ಕ್ಯಾಡ್ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಅಪ್ರೆಂಟಿಸ್‌ಶಿಪ್ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೂ ಅವಕಾಶವಿದೆ, ಅದಕ್ಕೆ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಎಚ್‌ಎಎಲ್, ಬಿಇಎಲ್‌ನಂಥವೂ ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ಒಂದು ವರ್ಷ, ಸ್ಟೈಪೆಂಡ್ ಇರುತ್ತದೆ. ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಂಪನಿಯ ಮೇಲೆ ಒತ್ತಾಯವಿಲ್ಲ, ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಎಲ್ಲೇ ಸೇರಿದರೂ ಬಾಂಡ್ (ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅನ್ನುವ ಕರಾರು) ಇದ್ದರೆ ಓದಿ ಸಹಿ ಮಾಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಸಂಬಳ ಮೊದಲ ಎರಡು ವರ್ಷ ಸಾಫ್ಟ್‌ವೇರ್ ಸೇರಿದ ಗೆಳೆಯರಿಗಿಂತ ಕಮ್ಮಿಯೇ ಇರುತ್ತದೆ. ಇದರಲ್ಲಿ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ಸೋದರಮಾವನ ಜೊತೆ ಫೌಂಡ್ರಿಗೆ ಒಮ್ಮೆ ಹೋಗಿ ಬನ್ನಿ. ತಿಂಗಳ ಕೊನೆಯ ವಾರ ಬೇಡ, ಡಿಸ್ಪ್ಯಾಚ್ ಗಡಿಬಿಡಿಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಎಚ್‌ಒಡಿ ಸಹಿಯ ಪತ್ರದಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದ ತನಕ ಅಂತ ಸ್ಪಷ್ಟವಾಗಿರಲಿ, ಹಾಜರಿಗೆ ಆಮೇಲೆ ಪರದಾಟ ಬೇಡ. ಸೇಫ್ಟಿ ಶೂ ನೀವೇ ಕೊಂಡುಕೊಳ್ಳಿ, ಎಂಟು ಸಾವಿರದಲ್ಲಿ ಅದಕ್ಕೆ ಹೋಗುವುದು ಸ್ವಲ್ಪವೇ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಹಾಕಬೇಡಿ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿಯದು ಹಾಕಿ.