ಫ್ಲಾಟ್‌ನಲ್ಲಿ ಬೆಳೆಯುವ ಚಿಕ್ಕ ಮಕ್ಕಳಿಗೆ ಹಬ್ಬ ಹತ್ತಿರ ಆಗುವುದು ಹೇಗೆ? ನಮ್ಮ ಮನೆಯ ಮಣ್ಣೆತ್ತಿನ ಕಥೆ

ನೀವು ಕೇಳಿರುವುದು ಇಷ್ಟು. ಮನೆಯಲ್ಲಿ 3 ಮತ್ತು 6 ವರ್ಷದ ಇಬ್ಬರು ಮಕ್ಕಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಇರುವುದು ಬೆಂಗಳೂರಿನ ಫ್ಲಾಟ್‌ನಲ್ಲಿ. ಹಬ್ಬ ಅಂದರೆ ಮಕ್ಕಳಿಗೆ ಹೊಸ ಬಟ್ಟೆ, ಫೋಟೋ, ಸ್ವೀಟ್ ಬಾಕ್ಸ್ ಅಷ್ಟೇ ಆಗಿಬಿಟ್ಟಿದೆ. ಅವರ ಕೈಯಿಂದಲೇ ಏನಾದರೂ ಮಾಡಿಸುವ ಆಸೆ ಇದೆ, ಆದರೆ ಜಾಸ್ತಿ ಸಮಯ ಇಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಒಂದೇ ಒಂದು ಹಬ್ಬ ಹಿಡಿಯಿರಿ. ವರ್ಷದ ಎಲ್ಲ ಹಬ್ಬಕ್ಕೂ ಒಂದೊಂದು ಕ್ರಾಫ್ಟ್ ಮಾಡಿಸಲು ಹೋದರೆ ಮೂರನೇ ಹಬ್ಬಕ್ಕೇ ಸುಸ್ತಾಗುತ್ತೀರಿ. ಆ ಒಂದು ಹಬ್ಬ ಎಂಥದಿರಬೇಕು ಅಂದರೆ, ಮಗು ಮಾಡಿದ ವಸ್ತುವಿಗೇ ಪೂಜೆ ಆಗುವಂಥದ್ದು. ಬಾಗಿಲಿಗೆ ಅಂಟಿಸುವ ಕಾಗದದ ಹೂವು ಬೇರೆ, ದೇವರ ಜಗಲಿ ಮೇಲೆ ಕೂರುವ ಎತ್ತು ಬೇರೆ. ಈ ವ್ಯತ್ಯಾಸ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಆ ಹಬ್ಬ ಮಣ್ಣೆತ್ತಿನ ಅಮಾವಾಸ್ಯೆ.

ನಾನು ಗದಗ ಕಡೆಯವಳು. ದಕ್ಷಿಣದ ಸ್ನೇಹಿತರಲ್ಲಿ ಎಷ್ಟೋ ಜನರಿಗೆ ಈ ಹಬ್ಬವೇ ಗೊತ್ತಿರುವುದಿಲ್ಲ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಜ್ಯೇಷ್ಠ ಮಾಸದ ಹುಣ್ಣಿಮೆ ಕಾರಹುಣ್ಣಿಮೆ. ಅವತ್ತು ಮನೆಯ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ, ಅಂದರೆ ಎತ್ತುಗಳನ್ನು ಓಡಿಸಿ ದಾರಿಗೆ ಅಡ್ಡ ಕಟ್ಟಿದ ತೋರಣ ಹರಿಸುತ್ತಾರೆ. ಅದಾಗಿ 15 ದಿನಕ್ಕೆ ಬರುವ ಅಮಾವಾಸ್ಯೆಗೆ ಮಣ್ಣಿನಲ್ಲಿ ಒಂದು ಜೋಡಿ ಎತ್ತು ಮಾಡಿ ಪೂಜೆ ಮಾಡುತ್ತಾರೆ. ಮುಂಗಾರು ಬಿತ್ತನೆಯ ಹೊತ್ತು ಅದು. ಆ ಮಣ್ಣು ಮತ್ತು ಆ ಎತ್ತು, ಇಡೀ ವರ್ಷದ ಅನ್ನ ಈ ಎರಡರ ಮೇಲೇ ನಿಂತಿರುತ್ತಿತ್ತು. ದಿನಾಂಕ ವರ್ಷವರ್ಷಕ್ಕೂ ಬದಲಾಗುತ್ತದೆ. 2024ರಲ್ಲಿ ಜುಲೈ 5ಕ್ಕೆ ಬಂದಿತ್ತು, 2025ರಲ್ಲಿ ಜೂನ್ 25ಕ್ಕೆ. ಇದನ್ನೂ ಭೀಮನ ಅಮಾವಾಸ್ಯೆಯನ್ನೂ ಒಂದೇ ಅಂದುಕೊಳ್ಳಬೇಡಿ, ಅದು ಇದಾದ ಒಂದು ತಿಂಗಳಿಗೆ, ಆಷಾಢದ ಕೊನೆಗೆ ಬರುತ್ತದೆ.

ನಾವು ಚಿಕ್ಕವರಿದ್ದಾಗ ಅಜ್ಜಿ ಹೊಲದಿಂದ ಎರೆಮಣ್ಣು, ಅಂದರೆ ಕಪ್ಪು ಮಣ್ಣು ತರಿಸುತ್ತಿದ್ದಳು. ನಾವು ಮೊಮ್ಮಕ್ಕಳೆಲ್ಲ ಪಡಸಾಲೆಯಲ್ಲಿ ಸಾಲಾಗಿ ಕೂತು ಎತ್ತು ಮಾಡುತ್ತಿದ್ದೆವು. ಒಂದು ವರ್ಷ ನನ್ನ ಎತ್ತಿನ ಬಾಲ ಎಷ್ಟು ದಪ್ಪ ಆಗಿತ್ತು ಅಂದರೆ, ಅದು ನೆಲ ಮುಟ್ಟುತ್ತಿತ್ತು. ಅಣ್ಣ ಅದನ್ನು ಐದು ಕಾಲಿನ ಎತ್ತು ಅಂದ. ನಾನು ಅಳಲು ಶುರು ಮಾಡಿದೆ. ಅಜ್ಜಿ ಎತ್ತನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, "ಬಾಲ ಊರಿ ನಿಂತೈತಿ, ಇದು ಬೀಳೂದಿಲ್ಲ ಬಿಡು" ಅಂದು ಜಗಲಿಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಳು. ನನಗೆ ಈಗ ಮೂವತ್ತೆಂಟು. ಆ ಎತ್ತು ಇವತ್ತಿಗೂ ಕಣ್ಣ ಮುಂದೆ ಇದೆ.

ಈಗ ಫ್ಲಾಟ್‌ನಲ್ಲಿ ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಮಣ್ಣು. ನರ್ಸರಿಯಲ್ಲಿ ಸಿಗುವ ಗೊಬ್ಬರ, ತೆಂಗಿನ ನಾರು ಬೆರೆಸಿದ ಮಣ್ಣು ತರಬೇಡಿ. ಅದು ಹಿಡಿದುಕೊಳ್ಳುವುದಿಲ್ಲ, ಪುಡಿಪುಡಿ ಆಗುತ್ತದೆ. ರಸ್ತೆ ಪಕ್ಕದ ಮಣ್ಣಂತೂ ಬೇಡವೇ ಬೇಡ, ಗಾಜಿನ ಚೂರು ಇರುತ್ತದೆ. ಕುಂಬಾರರ ಜೇಡಿಮಣ್ಣು ಒಳ್ಳೆಯದು. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಕುಂಬಾರರ ಮನೆಗಳಿವೆ, ಅಲ್ಲಿ ಹೋಗಿ ಕೇಳಿ ನೋಡಿ. ಗಣಪತಿ ಮಾಡುವವರು ನಿಮ್ಮ ಏರಿಯಾದಲ್ಲೇ ಇದ್ದರೆ ಅವರನ್ನೂ ಕೇಳಬಹುದು. ಇಬ್ಬರು ಮಕ್ಕಳಿಗೆ 2 ಕಿಲೋ ಸಾಕು. ಊರಿನಿಂದ ಬರುವವರು ಯಾರಾದರೂ ಇದ್ದರೆ ಎರೆಮಣ್ಣನ್ನೇ ತರಿಸಿ, ಆದರೆ ಅದರ ಗುಣ ತಿಳಿದುಕೊಂಡು ಕೈ ಹಾಕಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡುವುದು ಇದೇ ಕಾರಣಕ್ಕೆ. ಎತ್ತಿನ ಹೊಟ್ಟೆಯೂ ಹಾಗೇ ಬಿರಿಯುತ್ತದೆ. ಅದಕ್ಕೆ ಒಂದು ಹಿಡಿ ಹತ್ತಿಯನ್ನು ಸಣ್ಣಗೆ ಬಿಡಿಸಿ ಮಣ್ಣಿಗೆ ಸೇರಿಸಿ ನಾದಿ. ಎಳೆಗಳು ಮಣ್ಣನ್ನು ಹಿಡಿದಿಡುತ್ತವೆ. ಒಣಗಿಸುವುದು ನೆರಳಿನಲ್ಲಿ, ಬಿಸಿಲಿಗೆ ಇಡಬೇಡಿ.

ಸಮಯದ ಲೆಕ್ಕ ಹೀಗೆ. ಅಮಾವಾಸ್ಯೆ ವಾರದ ನಡುವೆ ಬಂದರೂ ತೊಂದರೆ ಇಲ್ಲ. ಹಿಂದಿನ ಶನಿವಾರ ರಾತ್ರಿ ಮಣ್ಣು ನೆನೆಹಾಕಿ, ಐದು ನಿಮಿಷದ ಕೆಲಸ. ಭಾನುವಾರ ಬೆಳಿಗ್ಗೆ ಕಲ್ಲು ಕಡ್ಡಿ ಆರಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಬೆರಳಿಗೆ ಅಂಟಬಾರದು, ಮಡಚಿದರೆ ಸೀಳಬಾರದು, ಅದೇ ಹದ. ಬಾಲ್ಕನಿಯಲ್ಲಿ ಹಳೆಯ ಗೋಣಿಚೀಲ ಹಾಸಿ ಮಕ್ಕಳನ್ನು ಕೂರಿಸಿ. ನಮ್ಮ ಮಕ್ಕಳು ಮುಕ್ಕಾಲು ಗಂಟೆ ಕೂತರೆ ಹೆಚ್ಚು. ಅಷ್ಟರಲ್ಲಿ ಎತ್ತು ಆಗುತ್ತದೆ.

ಎತ್ತು ಮಾಡುವಾಗ ಒಂದು ಗುಟ್ಟು ಇದೆ. ಕಾಲುಗಳನ್ನು ಬೇರೆ ಮಾಡಿ ಅಂಟಿಸಬೇಡಿ. ಒಂದು ದೊಡ್ಡ ನಿಂಬೆಹಣ್ಣಿನಷ್ಟು ಉಂಡೆ ತೆಗೆದುಕೊಂಡು ಉದ್ದಕ್ಕೆ ಹೊಸೆದು, ಅದರಿಂದಲೇ ನಾಲ್ಕು ಕಾಲು ಎಳೆಯಬೇಕು. ಅಂಟಿಸಿದ ಕಾಲು ಒಣಗಿದ ಮೇಲೆ ಬಿದ್ದುಹೋಗುತ್ತದೆ, ಎಳೆದ ಕಾಲು ನಿಲ್ಲುತ್ತದೆ. ಬೆನ್ನ ಮೇಲೆ ಎರಡು ಬೆರಳಿನಿಂದ ಚಿವುಟಿದರೆ ಇಣಿ, ಅಂದರೆ ಡುಬ್ಬ. ಕುತ್ತಿಗೆ ಕೆಳಗೆ ಚಿವುಟಿ ಎಳೆದರೆ ಗಂಗೆದೊಗಲು. ಈ ಎರಡು ಬಂದರೆ ಸಾಕು, ಅದುವರೆಗೆ ನಾಯಿಯೋ ಕುರಿಯೋ ಅನ್ನಿಸುತ್ತಿದ್ದದ್ದು ತಟ್ಟನೆ ಎತ್ತಾಗುತ್ತದೆ. ಮಕ್ಕಳ ಮುಖ ಅರಳುವುದು ಆ ಗಳಿಗೆಗೇ. ಕೊಂಬಿಗೆ ಮಾತ್ರ ಒಳಗೆ ಊದಿನಕಡ್ಡಿಯ ತುಂಡು ಕೊಡಿ, ಅಂಟಿಸುವ ಜಾಗವನ್ನು ಕಡ್ಡಿಯಿಂದ ಗೀರಿ, ನೀರು ನೀರಾಗಿ ಕಲಸಿದ ಮಣ್ಣು ಸವರಿ ಕೂರಿಸಿ.

ನಿಮ್ಮ ಮೂರು ವರ್ಷದ ಮಗುವಿಗೆ ಎತ್ತು ಕಷ್ಟ. ಅದಕ್ಕೆ ಗೋದಲಿ ಮಾಡಲು ಕೊಡಿ. ಗೋದಲಿ ಅಂದರೆ ಎತ್ತು ಮೇವು ತಿನ್ನುವ ತೊಟ್ಟಿ. ನಮ್ಮ ಕಡೆ ಎತ್ತಿನ ಜೊತೆ ಅದನ್ನೂ ಮಾಡಿಡುವುದು ರೂಢಿ. ಉಂಡೆಯ ನಡುವೆ ಹೆಬ್ಬೆರಳು ಒತ್ತಿದರೆ ಆಯಿತು. ಗೋದಲಿ ಇಲ್ಲದೆ ಎತ್ತು ಉಪವಾಸ ಅಲ್ವಾ? ಹಾಗಾಗಿ ಚಿಕ್ಕದು ಮಾಡಿದ್ದೂ ಪೂಜೆಗೆ ಬೇಕೇ ಬೇಕು, ಸುಮ್ನೆ ಸಮಾಧಾನಕ್ಕೆ ಕೊಟ್ಟ ಕೆಲಸ ಅಲ್ಲ. ನನ್ನ ಮಗ ಮೂರು ವರ್ಷದವನಿದ್ದಾಗ ಹನ್ನೊಂದು ಗೋದಲಿ ಮಾಡಿದ್ದ.

ಕಣ್ಣಿಗೆ ನಮ್ಮ ಕಡೆ ಗುಲಗಂಜಿ ಒತ್ತುವವರಿದ್ದಾರೆ. ಕೆಂಪು ಕಪ್ಪು ಸೇರಿ ನೋಡಲು ತುಂಬಾ ಚೆಂದ. ಆದರೆ ಚಿಕ್ಕ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ. ಗುಲಗಂಜಿ ವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಅದರ ಬದಲು ಜೋಳದ ಕಾಳು ಒತ್ತಿ. ಸಣ್ಣ ಮಗು ಕಾಳನ್ನು ಮೂಗಿಗೋ ಕಿವಿಗೋ ಹಾಕಿಕೊಳ್ಳದ ಹಾಗೆ ಪಕ್ಕದಲ್ಲೇ ಇರಿ.

ಇನ್ನು ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಮಗಳಿಗೆ ಐದು ವರ್ಷ ಇದ್ದಾಗ ಇಲ್ಲಿ ಮೊದಲ ಸಲ ಮಣ್ಣೆತ್ತು ಮಾಡಿಸಿದೆ. ಅವಳ ಎತ್ತು ಒಂದು ಕಡೆ ವಾಲಿತ್ತು, ಬೆನ್ನ ಮೇಲೆ ಹೆಬ್ಬೆರಳಿನ ಆಳವಾದ ಗುರುತು ಇತ್ತು. ಮರುದಿನ ಅತ್ತೆ ಮನೆಯವರು ಬರುವವರಿದ್ದರು. ರಾತ್ರಿ ಮಕ್ಕಳು ಮಲಗಿದ ಮೇಲೆ ಒದ್ದೆ ಕೈಯಿಂದ ಸವರಿ ಎತ್ತನ್ನು ನುಣುಪು ಮಾಡಿದೆ, ಕಾಲು ನೆಟ್ಟಗೆ ಮಾಡಿದೆ, ಕೊಂಬು ಬದಲಾಯಿಸಿದೆ. ಬೆಳಿಗ್ಗೆ ಅವಳು ಜಗಲಿ ಮುಂದೆ ನಿಂತು ಬಹಳ ಹೊತ್ತು ನೋಡಿದಳು. "ಇದು ನಂದಲ್ಲ. ನನ್ನ ಎತ್ತು ಎಲ್ಲಿ?" ಅಂದಳು. ಇದೇ ನಿನ್ನದು ಅಂದರೆ ನಂಬಲಿಲ್ಲ. ಅದರ ಬೆನ್ನ ಮೇಲೆ ಬೆರಳಿಟ್ಟು ನೋಡಿದಳು, ಗುರುತು ಇರಲಿಲ್ಲ. ಅವತ್ತು ಆರತಿ ಹಿಡಿಯಲು ಬರಲೇ ಇಲ್ಲ. ನನಗೆ ಅಜ್ಜಿ ನೆನಪಾದಳು, ತುಂಬಾ ನೋವಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಮಕ್ಕಳ ಎತ್ತಿಗೆ ದೊಡ್ಡವರು ಕೈ ಹಚ್ಚುವಂತಿಲ್ಲ. ಕೊಂಬು ಬಿದ್ದರೆ ಬಿದ್ದ ಕೊಂಬನ್ನೂ ಪಕ್ಕದಲ್ಲಿಟ್ಟು ಪೂಜೆ. ನನಗೆ ಆಸೆ ಆದರೆ ನನ್ನದೇ ಒಂದು ಎತ್ತು ಮಾಡಿಕೊಳ್ಳುತ್ತೇನೆ. ಅದು ಹಿಂದಿನ ಸಾಲಿನಲ್ಲಿ ಕೂರುತ್ತದೆ.

ಹಬ್ಬದ ದಿನ ಜಾಸ್ತಿ ಏನೂ ಬೇಡ. ಒಣಗಿದ ಎತ್ತಿಗೆ ಸುಣ್ಣದ ಚುಕ್ಕಿ, ಕೊಂಬಿಗೆ ಕುಂಕುಮ, ಬೆನ್ನ ಮೇಲೆ ಬಣ್ಣದ ಬಟ್ಟೆಯ ಚೂರಿನ ಝೂಲ. ಗೋದಲಿಯಲ್ಲಿ ಒಂದಿಷ್ಟು ಹುಲ್ಲು, ನಾಲ್ಕು ಕಾಳು. ಹೋಳಿಗೆ ಮಾಡಲು ಪುರುಸೊತ್ತು ಇಲ್ಲದಿದ್ದರೆ ಬೆಲ್ಲ ಹಾಕಿದ ಪಾಯಸ ಸಾಕು. ರೆಡಿಮೇಡ್ ಕಿಟ್‌ಗಳಿಂದ ನಾನು ದೂರ. ಅದರಲ್ಲಿ ಎಲ್ಲವೂ ಕತ್ತರಿಸಿ, ಅಳತೆ ಮಾಡಿ ಬಂದಿರುತ್ತದೆ, ಮಗುವಿನ ಬೆರಳಿಗೆ ಮಾಡಲು ಏನು ಉಳಿಯಿತು?

ಊರಲ್ಲಿ ಮಾರನೇ ದಿನ ಹುಡುಗರು ಒಂದು ಎತ್ತು ಹಿಡಿದು ಮನೆಮನೆಗೆ ಹೋಗುತ್ತಾರೆ. ಎಂಟು ಎತ್ತಿನಲ್ಲಿ ಒಂದು ಕುಂಟೆತ್ತು ಬಂದಿದೆ, ಜೋಳ ನೀಡಿ ಅಂತ ಕೇಳುತ್ತಾರೆ. ಇಲ್ಲಿ ನಮ್ಮ ಮಹಡಿಯಲ್ಲಿ ನಾಲ್ಕು ಮನೆ. ಮೊದಲೇ ಹೇಳಿಟ್ಟೆ. ಮಕ್ಕಳು ತಟ್ಟೆಯಲ್ಲಿ ಎತ್ತು ಇಟ್ಟುಕೊಂಡು ಹೋದರು. ಒಬ್ಬರು ಅಕ್ಕಿ ಕೊಟ್ಟರು, ಇನ್ನೊಬ್ಬರು ಗೋಧಿ. ಎದುರು ಮನೆಯ ವಯಸ್ಸಾದ ತಮಿಳು ಅಮ್ಮ ಎತ್ತಿನ ಹಣೆಗೆ ಕುಂಕುಮ ಇಟ್ಟು, ಮಾಟ್ಟುಪ್ಪೊಂಗಲ್ ದಿನ ತಮ್ಮ ಊರಲ್ಲಿ ಹಸು ಎತ್ತುಗಳಿಗೆ ಏನೇನು ಮಾಡುತ್ತಿದ್ದರು ಅಂತ ಹೇಳಿದರು. ಈಗ ಪ್ರತಿ ವರ್ಷ ಅವರೇ ಎತ್ತು ಯಾವಾಗ ಬರುತ್ತದೆ ಅಂತ ಕೇಳುತ್ತಾರೆ.

ಕೊನೆಗೆ ಎತ್ತನ್ನು ಏನು ಮಾಡುವುದು? ಸಿಂಕ್‌ನಲ್ಲಿ, ಬಾತ್‌ರೂಮಿನಲ್ಲಿ ಕರಗಿಸಬೇಡಿ. ಪೈಪ್ ಕಟ್ಟಿಕೊಳ್ಳುತ್ತದೆ. ದೊಡ್ಡ ಹೂವಿನ ಕುಂಡದಲ್ಲಿಟ್ಟು ಮಳೆಗೆ ಬಿಡಿ. ಹೋದ ವರ್ಷ ಹಾಗೇ ಬಿಟ್ಟಿದ್ದೆವು. ಮೂರು ನಾಲ್ಕು ಮಳೆಗೆ ಕಾಲು ಕರಗಿತು, ಇಣಿ ಕುಸಿಯಿತು, ತಲೆ ಮಾತ್ರ ಉಳಿಯಿತು. ಒಂದು ದಿನ ನೋಡಿದರೆ ಕಣ್ಣಿಗೆ ಒತ್ತಿದ್ದ ಜೋಳ ಮೊಳಕೆ ಒಡೆದಿತ್ತು. ಮಗ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬಾಲ್ಕನಿಗೆ ಓಡಿ, ಎತ್ತಿನ ಕಣ್ಣು ಎಷ್ಟು ಉದ್ದ ಆಯಿತು ಅಂತ ನೋಡುತ್ತಿದ್ದ.

ನಿಮ್ಮ ಮನೆತನದಲ್ಲಿ ಮಣ್ಣೆತ್ತು ಇಲ್ಲದಿದ್ದರೆ ಇದನ್ನೇ ಮಾಡಬೇಕು ಅಂತಿಲ್ಲ. ಮೈಸೂರು ಕಡೆಯವರಾದರೆ ದಸರಾ ಬೊಂಬೆ ಇದೆ. ಹಬ್ಬಕ್ಕೆ ಎಂಟು ಹತ್ತು ದಿನ ಮೊದಲು ತಟ್ಟೆಯಲ್ಲಿ ಮಣ್ಣು ಹರಡಿ ಮಗುವಿನ ಕೈಯಿಂದ ರಾಗಿ ಚೆಲ್ಲಿಸಿ, ಬೊಂಬೆಗಳಿಗೆ ಹಸಿರು ಪಾರ್ಕ್ ಸಿದ್ಧ. ಕರಾವಳಿಯವರಾದರೆ ದೀಪಾವಳಿಗೆ ಗೂಡುದೀಪ. ಬಿದಿರು ಕಡ್ಡಿ ನೀವು ಕಟ್ಟಿ, ಬಣ್ಣದ ಕಾಗದ ಅವರು ಅಂಟಿಸಲಿ. ಸಂಕ್ರಾಂತಿಗೆ ಕೊಬ್ಬರಿ, ಬೆಲ್ಲ ನೀವು ಹೆಚ್ಚಿಕೊಡಿ, ಎಳ್ಳು, ಕಡಲೆಬೀಜ, ಹುರಿಗಡಲೆ ಬೆರೆಸುವುದು ಅವರಿಗೆ ಬಿಡಿ. ನಮ್ಮ ಕಡೆಯ ಕುಸುರೆಳ್ಳು ಮಾತ್ರ ಈ ವಯಸ್ಸಿಗೆ ಬೇಡ, ಬಿಸಿ ಪಾಕದ ಕೆಲಸ ಅದು.

ಯಾವುದು ಆರಿಸಲಿ ಅಂತ ಗೊತ್ತಾಗದಿದ್ದರೆ ಇವತ್ತು ಸಂಜೆ ನಿಮ್ಮ ಅಮ್ಮನಿಗೋ ಅತ್ತೆಗೋ ಫೋನ್ ಮಾಡಿ. ಚಿಕ್ಕವರಿದ್ದಾಗ ಯಾವ ಹಬ್ಬಕ್ಕೆ ನಿಮ್ಮ ಕೈಯಿಂದ ಏನು ಮಾಡುತ್ತಿದ್ದಿರಿ ಅಂತ ಕೇಳಿ. ಸ್ಪೀಕರ್ ಆನ್ ಮಾಡಿ, ಮಕ್ಕಳನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.