ಸಂಪಾದಕರ ಉತ್ತರ: ಆ ನೋಟ್‌ಬುಕ್ಕಿನ ಪರವಾಗಿ

ಮುಂಬಯಿ ಹತ್ತಿರದ ಡೊಂಬಿವಲಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ವರ್ಷ ಮನೆ ಕೊಂಡೆವು. 40 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ. 8.5. ಅಂದಿನಿಂದ ನನ್ನ ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ದಿನದ ಖರ್ಚೆಲ್ಲ ಬರೆಯುತ್ತಾಳೆ. ಭಾನುವಾರದ ಹೋಟೆಲ್ ಊಟ ನಿಂತಿದೆ. ಮಕ್ಕಳ ಹುಟ್ಟುಹಬ್ಬ ಮನೆಯಲ್ಲೇ. ತನಗೆ ಅಂತ ಏನೂ ತಗೊಳ್ಳುವುದಿಲ್ಲ. ನಾನು ಕಂತಿನಲ್ಲಿ ಒಂದು ಫೋನ್ ತಗೊಂಡಿದ್ದಕ್ಕೆ ಮೂರು ದಿನ ಮಾತು ಬಿಟ್ಟಳು. ತಿಂಗಳಿಗೆ 5,000 ಉಳಿಸಿ ಸಾಲಕ್ಕೆ ಜಾಸ್ತಿ ಕಟ್ಟೋಣ ಅಂತಾಳೆ. ಆಫೀಸಿನ ಗೆಳೆಯರು ನಗುತ್ತಾರೆ. ಮನೆ ಸಾಲದಷ್ಟು ಅಗ್ಗದ ಸಾಲ ಬೇರೆ ಇಲ್ಲ, ಅದನ್ನು ಬೇಗ ತೀರಿಸೋದು ದಡ್ಡತನ, ಆ ದುಡ್ಡನ್ನು ಎಸ್‌ಐಪಿ ಮಾಡಿ, ಅಂದರೆ ತಿಂಗಳು ತಿಂಗಳು ಷೇರಿನಲ್ಲಿ ಹೂಡುವ ಮ್ಯೂಚುವಲ್ ಫಂಡಿಗೆ ಹಾಕು ಅನ್ನುತ್ತಾರೆ. ನನಗೂ ಇದು ಜಿಪುಣತನ ಅನಿಸತೊಡಗಿದೆ. ನೀವೇನು ಹೇಳುತ್ತೀರಿ?”

ಮೊದಲು ನಿಮ್ಮ ಗೆಳೆಯರ ಮಾತು ಮುಗಿಸಿಬಿಡುತ್ತೇನೆ. ಅವರು ಹೇಳುವುದರಲ್ಲಿ ಲೆಕ್ಕ ಇದೆ. ಹದಿನೈದು ಇಪ್ಪತ್ತು ವರ್ಷ ಕೈ ಹಚ್ಚದೆ ಬಿಟ್ಟು, ಮ್ಯೂಚುವಲ್ ಫಂಡಿನಲ್ಲಿ ಶೇ. 8.5ಕ್ಕಿಂತ ಹೆಚ್ಚು ಬಂದರೆ ಕಾಗದದ ಮೇಲೆ ಅವರೇ ಗೆದ್ದಂತೆ. ಆದರೆ ಆ ‘ಬಂದರೆ’ ಅನ್ನುವುದನ್ನು ಬರೆದುಕೊಡುವವರು ಯಾರೂ ಇಲ್ಲ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚಿನಲ್ಲಿ 26,000ಕ್ಕೂ ಕೆಳಗೆ ಇಳಿಯಿತು. ಆಗ ಹೆದರಿ ಫಂಡು ಮಾರಿದವರು ನನ್ನ ಪರಿಚಯದಲ್ಲೇ ನಾಲ್ಕು ಜನ ಇದ್ದಾರೆ. ಸಾಲಕ್ಕೆ ಕಟ್ಟಿದ ದುಡ್ಡು ಹಾಗಲ್ಲ. ಕಟ್ಟಿದ ದಿನವೇ ಅಷ್ಟರ ಮೇಲಿನ ಬಡ್ಡಿ ನಿಂತಿತು. ಇನ್ನು ತೆರಿಗೆ ಉಳಿಯುತ್ತದೆ ಅನ್ನುವ ಮಾತು. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ನೀವೇ ವಾಸ ಮಾಡುವ ಮನೆಯ ಬಡ್ಡಿಗೆ ವಿನಾಯಿತಿ ಸಿಗುವುದಿಲ್ಲ. ಹಳೆಯದರಲ್ಲಿದ್ದರೂ ವರ್ಷಕ್ಕೆ 2 ಲಕ್ಷದವರೆಗೆ ಮಾತ್ರ.

ಈಗ ನಿಮ್ಮ ಮನೆಯಾಕೆಯ ಲೆಕ್ಕಕ್ಕೆ ಬರೋಣ. ನನಗೆ ಬೇಕಾಗಿರುವುದು ಅದೇ.

40 ಲಕ್ಷಕ್ಕೆ ನಿಮ್ಮ ಕಂತು ಸುಮಾರು 34,700 ರೂಪಾಯಿ ಇರಬೇಕು. ಮೊದಲ ಕಂತನ್ನು ಬಿಡಿಸಿ ನೋಡಿ. 28,333 ಬಡ್ಡಿಗೆ ಹೋಯಿತು. ಸಾಲದಲ್ಲಿ ಕರಗಿದ್ದು 6,400ಕ್ಕೂ ಕಡಿಮೆ. ಸುಮಾರು ಹನ್ನೆರಡು ವರ್ಷದವರೆಗೂ ನಿಮ್ಮ ಪ್ರತಿ ಕಂತಿನಲ್ಲಿ ಅಸಲಿಗಿಂತ ಬಡ್ಡಿಯದ್ದೇ ದೊಡ್ಡ ಪಾಲು. 240 ಕಂತು ಮುಗಿಸುವ ಹೊತ್ತಿಗೆ ನೀವು ಕೊಟ್ಟದ್ದು 83 ಲಕ್ಷ ದಾಟಿರುತ್ತದೆ. ಈಗ ಆಕೆ ಕೇಳಿದ ಹಾಗೆ ಶುರುವಿನಿಂದಲೇ ತಿಂಗಳಿಗೆ 5,000 ಸೇರಿಸಿ ಕಟ್ಟಿದರೆ? ಸಾಲ 14 ವರ್ಷ 9 ತಿಂಗಳಿಗೆ ಮುಗಿಯುತ್ತದೆ. ಐದು ವರ್ಷಕ್ಕೂ ಜಾಸ್ತಿ ಮೊದಲೇ. ಬಡ್ಡಿಯಲ್ಲಿ ಉಳಿಯುವುದು ಹತ್ತಿರ ಹತ್ತಿರ 13 ಲಕ್ಷ. ಒಂದು ವರ್ಷ ತಡವಾಗಿ ಶುರು ಮಾಡಿದರೆ ಸ್ವಲ್ಪ ಕಡಿಮೆಯಾದೀತು, ಅಷ್ಟೇ. ಭಾನುವಾರದ ಊಟ ಬಿಟ್ಟು ಆಕೆ ಇದನ್ನು ಗಳಿಸಲು ಹೊರಟಿದ್ದಾಳೆ. ಇದನ್ನು ಜಿಪುಣತನ ಅಂತೀರಾ?

ನನ್ನ ಅಜ್ಜನ ಕಾಲದಲ್ಲಿ ನಮ್ಮ ಕುಂದಾಪುರದ ಕಡೆ ‘ಭೋಗ್ಯ’ ಅನ್ನುವ ಮಾತು ದಿನಾ ಕಿವಿಗೆ ಬೀಳುತ್ತಿತ್ತು. ಸಾಲ ಕೊಟ್ಟವನು ಬಡ್ಡಿಯ ಬದಲು ಗದ್ದೆಯ ಬೆಳೆ ತಿನ್ನುತ್ತಾನೆ. ಅಸಲು ಹಾಗೇ ಇರುತ್ತದೆ. ದೊಡ್ಡತ್ತೆಯ ಮದುವೆಗೆ ಅಂತ ಭೋಗ್ಯಕ್ಕೆ ಹೋದ ಎರಡು ಗದ್ದೆ ಅಜ್ಜ ಸಾಯುವವರೆಗೂ ವಾಪಸು ಬರಲಿಲ್ಲ. ಪ್ರತಿ ವರ್ಷ ಆ ಗದ್ದೆಯ ಅಂಚಿನಲ್ಲಿ ನಿಂತು ಬೇರೆಯವರ ಕೊಯ್ಲು ನೋಡುತ್ತಿದ್ದರಂತೆ. ಅಡಮಾನಕ್ಕೆ ಇಂಗ್ಲಿಷಿನಲ್ಲಿರುವ ಮಾರ್ಟ್‌ಗೇಜ್ ಪದದ ಬೇರನ್ನು ಹುಡುಕಿದರೆ ಅದು ಹಳೆಯ ಫ್ರೆಂಚಿಗೆ ಹೋಗುತ್ತದೆ. ಅರ್ಥ ‘ಸತ್ತ ಒತ್ತೆ’. ಸಾಲ ತೀರಿದರೆ ಒತ್ತೆಯು ಸಾಲ ಕೊಟ್ಟವನ ಪಾಲಿಗೆ ಸತ್ತಿತು, ತೀರದಿದ್ದರೆ ಒತ್ತೆ ಇಟ್ಟವನ ಪಾಲಿಗೆ ಸತ್ತಿತು ಅಂತ ಹಳೆಯ ಕಾನೂನು ಪಂಡಿತರು ವಿವರಿಸಿದ್ದಾರೆ. ನಿಮ್ಮ ಮೊದಲ ಹನ್ನೆರಡು ವರ್ಷದ ಕಂತನ್ನು ನೋಡುವಾಗ ನನಗೆ ಅಜ್ಜನ ಗದ್ದೆಯೇ ಕಣ್ಣಿಗೆ ಬರುತ್ತದೆ.

ಇನ್ನೊಂದು ಪುಸ್ತಕದ ವಿಷಯ ಹೇಳಬೇಕು.

ಅಪ್ಪ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲೆಯ ಮೇಲೆ ಕೂತರು. ನಾವು ಭಾಂಡುಪಿನ ಒಂದು ಚಾಳಿನ ಖೋಲಿಯಲ್ಲಿದ್ದೆವು. 1986ರಲ್ಲಿ ಒಂದು ರೂಮು, ಒಂದು ಅಡುಗೆಮನೆ ಕೊಂಡರು. 60,000 ಸಾಲ, 15 ವರ್ಷ. ಅಮ್ಮ ಅದನ್ನು ಒಂಬತ್ತನೇ ವರ್ಷಕ್ಕೆ ತೀರಿಸಿದಳು. ‘ತೀರಿಸಿದಳು’ ಅಂತ ಬೇಕೆಂದೇ ಬರೆಯುತ್ತಿದ್ದೇನೆ. ಸಂಬಳ ಅಪ್ಪನದು, ತೀರಿಸಿದ್ದು ಅಮ್ಮ.

ಆಕೆಯದು ನೂರು ಪುಟದ ಗೀಟಿನ ಪುಸ್ತಕ. ಹಳೇ ಕ್ಯಾಲೆಂಡರಿನ ಹಾಳೆಯ ಬೈಂಡು. ಪ್ರತಿ ಪುಟದ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ. ಎಡಕ್ಕೆ ‘ಆಗಲೇಬೇಕು’, ಬಲಕ್ಕೆ ‘ಆಮೇಲೆ ಆದೀತು’. ಎಡಗಡೆ ಕುಚಲಕ್ಕಿ, ತೆಂಗಿನಕಾಯಿ, ಸೀಮೆಎಣ್ಣೆ, ಅಪ್ಪನ ಲೋಕಲ್ ಪಾಸು, ನಮ್ಮ ಶಾಲೆ ಫೀಸು, ಭಾನುವಾರದ ಬಂಗುಡೆ. ವರ್ಷಕ್ಕೊಮ್ಮೆ ಊರಿಗೆ ಹೋಗುವ ಬಸ್ಸಿನ ಚಾರ್ಜು ಕೂಡ ಎಡಗಡೆಯೇ. ಆಗಿನ್ನೂ ಕೊಂಕಣ ರೈಲು ಬಂದಿರಲಿಲ್ಲ, ಆ ಬಸ್ಸೇ ಗತಿ. ಕನ್ನಡ ಪತ್ರಿಕೆಯೂ ಎಡಗಡೆ. ಕೆಳಗೆ ಕೆಂಪು ಪೆನ್ಸಿಲಿನಲ್ಲಿ ‘ಸಾಲ’. ಆಮೇಲೆ ‘ಸಾಲಕ್ಕೆ ಮೇಲಿನದು’ ಅಂತ ಮತ್ತೊಂದು ಸಾಲು. ಕೆಲವು ತಿಂಗಳು 40, ಕೆಲವು ತಿಂಗಳು 200ಕ್ಕೂ ಮೇಲೆ. ಕೂಡಿಟ್ಟು ವರ್ಷಕ್ಕೆರಡು ಸಲ ಕಟ್ಟಿ ಬರುತ್ತಿದ್ದಳು.

ಸಾಲ ಮುಗಿದ ದಿನ ಮನೆಯ ಕಾಗದ ತರಲು ನಾನೂ ಜೊತೆಗೆ ಹೋಗಿದ್ದೆ. ವಾಪಸು ಬರುವಾಗ ಲೋಕಲಿನಲ್ಲಿ ಆಕೆ ಆ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಕೂಸನ್ನು ಹಿಡಿದ ಹಾಗೆ. ಇಳಿಯುವವರೆಗೂ ಒಂದು ಮಾತಾಡಲಿಲ್ಲ.

ಆಕೆ ಹೋದ ಮೇಲೆ ಟ್ರಂಕಿನಲ್ಲಿ ಆ ಪುಸ್ತಕಗಳು ಸಿಕ್ಕವು. ಕೂತು ಓದಿದೆ. ಬಲಗಡೆ, ‘ಆಮೇಲೆ ಆದೀತು’ ಕೆಳಗೆ, ಒಂದು ತಿಂಗಳು ‘ಕನ್ನಡಕ 180’ ಅಂತ ಇತ್ತು. ಮುಂದಿನ ತಿಂಗಳೂ ಇತ್ತು. ಅದರ ಮುಂದಿನ ತಿಂಗಳೂ. ಪುಟ ಎಣಿಸಿದೆ. ಹದಿನಾಲ್ಕು ತಿಂಗಳು. ಆಗ ನೆನಪಾಯಿತು, ಅಕ್ಕಿಯ ಗೆರಸೆಯನ್ನು ಕಿಟಕಿಯ ಹತ್ತಿರ ತಂದು, ಮುಖಕ್ಕೆ ಮುಟ್ಟುವಷ್ಟು ಮೇಲೆತ್ತಿ ಕಲ್ಲು ಹೆಕ್ಕುತ್ತಿದ್ದಳು. ಅನ್ನದಲ್ಲಿ ಕಲ್ಲು ಸಿಕ್ಕಿತು ಅಂತ ನಾನು ತಟ್ಟೆ ತಳ್ಳಿ ಎದ್ದದ್ದೂ ನೆನಪಾಯಿತು.

ಅದಕ್ಕೇ ನಿಮ್ಮ ಪತ್ರದ ಒಂದು ಸಾಲು ನನಗೆ ಚುಚ್ಚಿತು. “ತನಗೆ ಅಂತ ಏನೂ ತಗೊಳ್ಳುವುದಿಲ್ಲ.” ನೀವಿದನ್ನು ಹೊಗಳಿಕೆಯಾಗಿ ಬರೆದಿದ್ದೀರೋ ದೂರಾಗಿಯೋ ಗೊತ್ತಾಗಲಿಲ್ಲ. ಎರಡರಲ್ಲಿ ಯಾವುದಾದರೂ ಬೇಸರದ ಮಾತೇ. ಬಿಟ್ಟದ್ದರ ಪಟ್ಟಿ ನೋಡಿ. ಹೋಟೆಲ್ ಊಟ ಬಿಟ್ಟರು, ಅಂದರೆ ಏಳನೇ ದಿನವೂ ಆಕೆಯೇ ಒಲೆ ಮುಂದೆ. ಹುಟ್ಟುಹಬ್ಬ ಮನೆಯಲ್ಲಿ, ಅಂದರೆ ಆ ಇಪ್ಪತ್ತು ಮಕ್ಕಳ ತಟ್ಟೆಯೂ ಆಕೆಯದೇ. ನಿಮ್ಮ ಕಡೆಯಿಂದ ಏನು ಹೋಯಿತು, ಹೇಳಿ? ಪತ್ರದಲ್ಲಿ ನಿಮ್ಮ ಹೆಸರಿಗೆ ಇರುವುದು ಒಂದು ಫೋನು, ಅದೂ ಬಂದದ್ದು, ಹೋದದ್ದಲ್ಲ. ಮೂರು ದಿನ ಮಾತು ಬಿಟ್ಟಳು ಅಂದಿರಿ. ನನಗೆ ಆಶ್ಚರ್ಯ ಆಗಲಿಲ್ಲ. ನೀವು ಕೆಟ್ಟವರು ಅಂತ ಹೇಳುತ್ತಿಲ್ಲ. ಕೇಳಬೇಕು ಅನಿಸಿತಲ್ಲ, ಪತ್ರ ಬರೆದಿರಲ್ಲ, ಅಷ್ಟು ಮಾಡುವ ಗಂಡಸರೇ ಕಡಿಮೆ. ಆದರೆ ನನ್ನ ಅಪ್ಪನಂಥ ಒಳ್ಳೆಯವರಿಗೂ ಆ ಹದಿನಾಲ್ಕು ತಿಂಗಳು ಕಣ್ಣಿಗೆ ಬೀಳಲಿಲ್ಲ. ನಿಮಗೆ ಬೀಳಲಿ ಅಂತ ಇಷ್ಟು ಬರೆದೆ.

ಇವತ್ತು ರಾತ್ರಿ ಆ ನೋಟ್‌ಬುಕ್ ಕೇಳಿ ತಗೊಂಡು ಓದಿ. ಆಕೆಯ ಹಲ್ಲು, ಕಣ್ಣು, ಚಪ್ಪಲಿ, ತವರಿಗೆ ಹೋಗುವ ಟಿಕೆಟ್ಟು ಯಾವ ಕಡೆ ಇದೆ ಅಂತ ನೋಡಿ. ಬಲಗಡೆ ಇದ್ದರೆ ಎಡಗಡೆಗೆ ತನ್ನಿ. ಅದಕ್ಕೆ 5,000ದಲ್ಲಿ ಒಂದು ಸಾವಿರ ಕಡಿಮೆಯಾದರೆ ಆ ಸಾವಿರವನ್ನು ನಿಮ್ಮ ಖರ್ಚಿನಿಂದ ತುಂಬಿ.

ಎಲ್ಲಿಂದ ಅಂತ ಕೇಳಬೇಡಿ. ನಾವು ಮುಂಬಯಿ ಕನ್ನಡಿಗರು ಹೊರಗೆ ಎಷ್ಟು ಸುರಿಯುತ್ತೇವೆ ಅನ್ನುವುದು ಈ ಕುರ್ಚಿಯಲ್ಲಿ ಕೂತವನಿಗೆ ಚೆನ್ನಾಗಿ ಗೊತ್ತು. ವಾರಕ್ಕೆ ಎರಡು ಆಮಂತ್ರಣ ನನ್ನ ಮೇಜಿಗೆ ಬರುತ್ತವೆ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಹವಾನಿಯಂತ್ರಿತ ಹಾಲು. ಮದುವೆಗೆ ಎರಡು ದಿನ ಇದ್ದದ್ದು ನಾಲ್ಕಾಗಿದೆ. ಸನ್ಮಾನಕ್ಕೆ ಶಾಲು, ಪೇಟ, ಫಲಕ, ಮತ್ತೆ ಸ್ಮರಣ ಸಂಚಿಕೆಯಲ್ಲಿ ಪುಟದ ತುಂಬ ತಮ್ಮದೇ ಫೋಟೋ. ಇದರಲ್ಲಿ ಎಷ್ಟೋ ಸಾಲದ ದುಡ್ಡು. ಹೋಟೆಲಿನಲ್ಲಿ ಕಪ್ಪು ತೊಳೆದು ಮಕ್ಕಳನ್ನು ಓದಿಸಿದ ತಲೆಮಾರಿನ ಮಕ್ಕಳು, ಮೊಮ್ಮಕ್ಕಳು ನಾವು. ನಮ್ಮ ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟ್ರಿಗೆ ತಿಂಗಳಿಗೆ ಐನೂರು ಕೊಡಲು ಚೌಕಾಸಿ ಮಾಡುತ್ತೇವೆ. ನನಗೆ ಇದು ನೋವಿನ ಮಾತು.

ಸಾಲ ಕೊಡುವವರ ಬಗ್ಗೆಯೂ ಒಂದು ಮಾತು. 2022ರ ಮೇ ತಿಂಗಳ ಶುರುವಿನಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 4 ಇತ್ತು. 2023ರ ಫೆಬ್ರವರಿಗೆ 6.5 ಆಯಿತು, ಅದರ ಜೊತೆ ಮನೆ ಸಾಲದ ಬಡ್ಡಿಯೂ ಏರಿತು. ನನ್ನ ತಂಗಿಯ ಮಗ ಅದಕ್ಕೆ ಒಂದು ವರ್ಷ ಮೊದಲು ಶೇ. 7ಕ್ಕೆ 25 ಲಕ್ಷ ತಗೊಂಡಿದ್ದ. ಕಂತು 19,400. ಬಡ್ಡಿ 9.5 ಆದಾಗಲೂ ಕಂತು ಅಷ್ಟೇ ಇತ್ತು. ಪರವಾಗಿಲ್ಲ ಅಂದುಕೊಂಡ. ಆಮೇಲೆ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಬರೀ ಬಡ್ಡಿಯೇ 19,000 ದಾಟಿದೆ. ಅಸಲು ಕದಲುತ್ತಲೇ ಇಲ್ಲ. ಬ್ಯಾಂಕಿನವರು ಅವಧಿಯನ್ನು ಸುಮ್ನೆ ಎಳೆದುಬಿಟ್ಟಿದ್ದರು. ಇವನಿಗೆ ಒಂದು ಮಾತು ಕೇಳಿರಲಿಲ್ಲ. ಇಂಥ ದೂರು ಜಾಸ್ತಿಯಾದ ಮೇಲೆ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ಬಡ್ಡಿ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು. ಕಂತು ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ ಅನ್ನುವ ಆಯ್ಕೆ ಅವನಿಗೆ ಕೊಡಬೇಕು. ನಿಯಮ ಬಂತು. ಓದುವವರು ಬೇಕಲ್ಲ.

ಹಾಗಾಗಿ ನೀವು ಮಾಡಬೇಕಾದ್ದು ಇಷ್ಟು. ಆರು ತಿಂಗಳ ಕಂತಿಗೆ ಆಗುವಷ್ಟು ದುಡ್ಡು ಬೇರೆ ಇಡಿ, ಅದನ್ನು ಮುಟ್ಟಬೇಡಿ. 2020ರಲ್ಲಿ ಹೋಟೆಲುಗಳು ಮುಚ್ಚಿ ನಮ್ಮವರು ಊರಿಗೆ ಹೊರಟಾಗ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಅವಕಾಶ ಇತ್ತು, ಆದರೆ ಬಡ್ಡಿ ಬೆಳೆಯುತ್ತಲೇ ಇತ್ತು. ಅಷ್ಟು ಬೇರೆ ಇಟ್ಟ ಮೇಲೆ ಜಾಸ್ತಿ ದುಡ್ಡು ಕಟ್ಟಲು ಶುರು ಮಾಡಿ. ನಿಮ್ಮದು ಬದಲಾಗುವ ಬಡ್ಡಿಯ ಸಾಲವಾಗಿದ್ದರೆ ಬೇಗ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ, 2012ರಿಂದಲೇ ಈ ನಿಯಮ ಇದೆ. ಪ್ರತಿ ಸಲ ಕಟ್ಟುವಾಗ “ಕಂತು ಇಳಿಸಬೇಡಿ, ಅವಧಿ ಇಳಿಸಿ” ಅಂತ ಬರೆದುಕೊಡಿ, ಅದರ ಪ್ರತಿ ಇಟ್ಟುಕೊಳ್ಳಿ. ರೆಪೊ ಇಳಿದು ಬಡ್ಡಿ ಕಡಿಮೆಯಾದರೂ ಹಳೇ ಕಂತನ್ನೇ ಕಟ್ಟುತ್ತಾ ಹೋಗಿ. ಟಾಪ್-ಅಪ್, ಅಂದರೆ ಇದೇ ಮನೆಯ ಮೇಲೆ ಇನ್ನಷ್ಟು ಸಾಲ ಕೊಡುತ್ತೇವೆ ಅಂತ ಫೋನ್ ಬಂದರೆ ಮನೆಯಾಕೆಯ ಕೈಗೆ ಕೊಡಿ. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮನೆಯ ಮೂಲ ಕಾಗದ ಕೈಗೆ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಪರಿಹಾರ. ಅದನ್ನು ತರಲು ಇಬ್ಬರೂ ಹೋಗಿ. ಚೀಲ ಆಕೆಯ ಕೈಯಲ್ಲಿರಲಿ.

ಮತ್ತೆ ಒಂದು ಕೋರಿಕೆ. ಆಕೆ ಒಪ್ಪಿದರೆ ಆ ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಕಳಿಸಿಕೊಡಿ. ಹೆಸರು ಇಲ್ಲದೆ ಅಚ್ಚು ಹಾಕುತ್ತೇನೆ. ಪಕ್ಕದಲ್ಲಿ ಅಮ್ಮನ ಪುಸ್ತಕದ ಒಂದು ಪುಟ ಹಾಕಬೇಕು ಅಂತಿದ್ದೇನೆ. ಹದಿನೈದನೇ ತಿಂಗಳ ಪುಟ. ಅದರಲ್ಲಿ ‘ಕನ್ನಡಕ 180’ ಎಡಗಡೆ ಇದೆ.